ದೊಡ್ಡಪ್ಪನ ಕೈ

ಬಾಯ್ಲರ್ ತಯಾರಿಸುವ ಆ ಕಾರ್ಖಾನೆಯ ಎರಡನೇ ಶೆಡ್ಡಿನಲ್ಲಿ ಫೋರ್‌ಮನ್‌ನನ್ನು ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಯಾರೋ ಪ್ರೀತಿಯಿಂದ ಇಟ್ಟ ಹೆಸರಲ್ಲ ಅದು, ಅವನೇ ಇಟ್ಟುಕೊಂಡದ್ದು. ಹೊಸದಾಗಿ ಕೆಲಸಕ್ಕೆ ಸೇರಿದವರ ಹೆಗಲ ಮೇಲೆ ಕೈಹಾಕಿ, "ಸಾರ್ ಗೀರ್ ಎಲ್ಲಾ ಬೇಡ, ದೊಡ್ಡಪ್ಪ ಅಂದ್ರೆ ಸಾಕು" ಅನ್ನುತ್ತಿದ್ದ. ಗಂಡಸರ ಹೆಗಲಿನಿಂದ ಆ ಕೈ ತಕ್ಷಣ ಇಳಿಯುತ್ತಿತ್ತು. ಹೆಂಗಸರ ಹೆಗಲ ಮೇಲೆ ಮಾತ್ರ ಅದಕ್ಕೆ ಮರೆವು ಬರುತ್ತಿತ್ತು. ಇಳಿಯುವುದನ್ನೇ ಮರೆಯುತ್ತಿತ್ತು, ಇಳಿದರೂ ದಾರಿ ತಪ್ಪುತ್ತಿತ್ತು.

ಕೂದಲಿಗೆ ಕಪ್ಪು ಬಳಿದು, ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಓಡಾಡುವ ಆಸಾಮಿ. ಇಡೀ ಶೆಡ್ಡಿನಲ್ಲಿ ಎಣ್ಣೆಮಸಿ ಹತ್ತದ ಅಂಗಿ ಅವನದೊಂದೇ. ಕೆಲಸ ಮಾಡುವವರ ಅಂಗಿಗೆ ತಾನೇ ಮಸಿ ಹತ್ತುವುದು! ಹೆಂಗಸರನ್ನೆಲ್ಲ ಅವನು "ಮಗಳೇ" ಎಂದು ಕರೆಯುತ್ತಿದ್ದ. ಸ್ವಂತ ಮಗಳೊಬ್ಬಳು ಮನೆಯಲ್ಲಿದ್ದಳು, ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಅವಳನ್ನು ಅವನು ಹೆಸರು ಹಿಡಿದೇ ಕೂಗುತ್ತಿದ್ದ. ಮಗಳೇ ಅನ್ನುವ ಮಾತನ್ನು ಕಾರ್ಖಾನೆಗೆಂದೇ ತೆಗೆದಿಟ್ಟಿದ್ದನೋ ಏನೋ.

ಅಷ್ಟೊಂದು ಗಂಡಸರ ಆ ಶೆಡ್ಡಿನಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಪೇಂಟಿಂಗ್ ವಿಭಾಗದಲ್ಲಿ ಇಬ್ಬರು ಅಕ್ಕತಂಗಿಯರು. ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ ಒಬ್ಬಳು. ಅವಳನ್ನು ಎಲ್ಲರೂ ಕ್ರೇನಕ್ಕ ಅನ್ನುತ್ತಿದ್ದರು. ಅವಳ ಗಂಡನೂ ಅದೇ ಕ್ರೇನ್ ನಡೆಸುತ್ತಿದ್ದವನು. ಅವನು ಕಾಯಿಲೆಬಿದ್ದು ಸತ್ತ ಮೇಲೆ ಕಾರ್ಖಾನೆಯವರು ಆ ಕೆಲಸವನ್ನು ಅವಳಿಗೆ ಕೊಟ್ಟಿದ್ದರು. ಆ ಸತ್ತವನ ಸ್ವಂತ ತಮ್ಮನೇ ದೊಡ್ಡಪ್ಪ. ಅಂದರೆ ಫೋರ್‌ಮನ್ ಕ್ರೇನಕ್ಕನಿಗೆ ಮೈದುನ. ಒಂದೇ ಮನೆಯಲ್ಲಿ ವಾಸ: ಅತ್ತೆ, ಮೈದುನ, ಓರಗಿತ್ತಿ, ಅವರ ಮಗಳು, ಮತ್ತು ಹಿಂದಿನ ಕೋಣೆಯಲ್ಲಿ ಇವಳು. ಬೆಳಗ್ಗೆ ಅವನು ಸ್ಕೂಟರಿನಲ್ಲಿ ಹೋಗುತ್ತಿದ್ದ, ಇವಳು ಬಸ್ಸಿನಲ್ಲಿ.

ಅಲ್ಲಿಗೆ ಹೊಸದಾಗಿ ಒಬ್ಬಳು ವೆಲ್ಡರ್ ಬಂದಳು. ತರಬೇತಿ ಶಾಲೆಯಲ್ಲಿ ಜೊತೆಯವರು ಇಟ್ಟ ಅಡ್ಡಹೆಸರು ಕಿಡಿ. ಆ ಹೆಸರು ಅವಳ ಜೊತೆಗೇ ಶೆಡ್ಡಿಗೂ ಬಂತು. ಸಣ್ಣ ಆಳು, ಮಾತು ಕಡಿಮೆ, ಕೈ ಗಟ್ಟಿ. ಉಕ್ಕಿನ ತಗಡನ್ನು ಸುರುಳಿ ಮಾಡಿ ತಂದಿಟ್ಟರೆ ಅದರ ಎರಡು ಅಂಚನ್ನು ಒಂದು ಮಾಡುವುದು ಅವಳ ಕೆಲಸ. ಮುಖದ ಮೇಲೆ ಕಪ್ಪು ಗಾಜಿನ ಮುಖವಾಡ ಇಳಿಸಿಕೊಂಡರೆ ಉರಿಯುವ ಚುಕ್ಕೆ ಒಂದನ್ನು ಬಿಟ್ಟು ಪ್ರಪಂಚದಲ್ಲಿ ಬೇರೇನೂ ಕಾಣಿಸುವುದಿಲ್ಲ. ಆ ಚುಕ್ಕೆಯನ್ನು ಅಲುಗಾಡದ ಹಾಗೆ ನಡೆಸಿಕೊಂಡು ಹೋಗಬೇಕು. ಕೈ ಒಂದಿಷ್ಟು ನಡುಗಿದರೂ ಬೆಸುಗೆ ಕೆಟ್ಟಿತು ಎಂದೇ ಲೆಕ್ಕ.

ದೊಡ್ಡಪ್ಪ ಆ ಹೊತ್ತನ್ನೇ ಕಾಯುತ್ತಿದ್ದ. ಅವಳು ಮುಖವಾಡ ಇಳಿಸಿ, ಉರಿ ಹೊತ್ತಿಸಿ, ಬಗ್ಗಿದಾಗ ಹಿಂದಿನಿಂದ ಬರುತ್ತಿದ್ದ. ಎದುರಿಗೆ ಬರುವ ಜಾಯಮಾನ ಅವನದಲ್ಲ. ಮೊದಲ ಸಲ ಅವಳು ಬೆಚ್ಚಿ ಕೈ ಎಳೆದುಕೊಂಡಳು. ಬೆಸುಗೆ ಹಾಳಾಯಿತು. ಮುಖವಾಡ ಎತ್ತಿ ತಿರುಗಿದರೆ ಅವನು ಒಂದು ಹೆಜ್ಜೆ ಹಿಂದೆ ನಿಂತು, ಸೀಮೆಸುಣ್ಣದಿಂದ ತಗಡಿನ ಮೇಲೆ ಅಡ್ಡಗೆರೆ ಎಳೆಯುತ್ತಿದ್ದ.

"ಏನು ಮಗಳೇ, ಕೈ ನಡುಗುತ್ತಲ್ಲ? ಇದು ರಿಜೆಕ್ಟು."

ಹಾಗೆ ಎರಡು, ಮೂರು ಸಲ ಆಯಿತು. ಹೆಂಗಸರ ಬೆಸುಗೆ ನಿಲ್ಲುವುದಿಲ್ಲ ಎಂಬ ಮಾತು ಶೆಡ್ಡಿನಲ್ಲಿ ಹರಡಿತು. ಹೆಂಗಸರ ಕೈ ಏಕೆ ನಡುಗುತ್ತದೆ ಎಂದು ಯಾರೂ ಕೇಳಲಿಲ್ಲ. ನೋಡಲು ಅವರಿಗೇನು ಕಣ್ಣಿರಲಿಲ್ಲವೇ? ಇತ್ತು. ಪಕ್ಕದಲ್ಲೇ ಬೋಲ್ಟು ಬಿಗಿಯುವ ಫಿಟ್ಟರುಗಳು ಎಲ್ಲವನ್ನೂ ನೋಡುತ್ತಿದ್ದರು. ಅವರ ಮುಂದಾಳು ಮೀಸೆ ಎಂಬವನು, ಮೀಸೆ ಬಿಟ್ಟರೆ ಗಂಡಸುತನದ ಬೇರೆ ಗುರುತೇನೂ ಇಲ್ಲದವನು, ನೋಡಿ ನೋಡಿ ಹಲ್ಲು ಕಿರಿಯುತ್ತಿದ್ದ.

ಮುಂದಿನ ಸಲ ಕಿಡಿ ಬೆಚ್ಚಲಿಲ್ಲ. ಉರಿ ಆರಿಸಿ, ಮುಖವಾಡ ಎತ್ತಿ, ಎಲ್ಲರಿಗೂ ಕೇಳುವ ಹಾಗೆ, "ಕೈ ತೆಗೀರಿ" ಅಂದಳು.

"ಅಯ್ಯೋ, ಮಗಳ ಹೆಗಲು ಮುಟ್ಟೋದೂ ತಪ್ಪಾ?"

"ನೀವು ಮುಟ್ಟಿದ್ದು ಹೆಗಲಲ್ಲ."

ಫಿಟ್ಟರುಗಳು ಗೊಳ್ಳೆಂದು ನಕ್ಕರು. ದೊಡ್ಡಪ್ಪನೂ ನಕ್ಕ. ಅಷ್ಟು ಜನ ನಗುವಾಗ ನಗದಿದ್ದರೆ ತಪ್ಪಿತಸ್ಥನಂತೆ ಕಾಣುವ ಭಯ. ತಲೆ ಸವರಿಕೊಂಡು ಹೊರಟುಹೋದ.

ಮಧ್ಯಾಹ್ನ ಊಟಕ್ಕೆ ಹೆಂಗಸರೆಲ್ಲ ಖಾಲಿ ಪೇಂಟ್ ಡಬ್ಬಿಗಳ ಹಿಂದೆ ಕೂತಿದ್ದರು. ಅಕ್ಕತಂಗಿಯರಲ್ಲಿ ಅಕ್ಕ ಹೇಳಿದಳು: "ನಾವು ಗೋಡೆಗೆ ಬೆನ್ನು ಕೊಟ್ಟು ಬಳೀತೀವಿ ಕಣೇ. ಯಾವತ್ತಿಂದಲೋ ಹಾಗೇ. ಗೋಡೆ ಪುಣ್ಯಾತ್ಮ, ಕೈ ಚಾಚಲ್ಲ."

"ನನಗೆ ಗೋಡೆ ಹತ್ತಿರ ಕೆಲಸ ಇಲ್ವಲ್ಲ" ಅಂದಳು ಕಿಡಿ. ಆಮೇಲೆ ಕ್ರೇನಕ್ಕನ ಕಡೆ ತಿರುಗಿ, "ಅಕ್ಕಾ, ನಿಮಗೆ ಮೇಲಿಂದ ಎಲ್ಲಾ ಕಾಣುತ್ತೆ. ನೋಡಿದ್ರಾ?"

"ನೋಡಿದೆ."

"ನಾನು ದೂರು ಕೊಡ್ತೀನಿ. ನೋಡಿದ್ದನ್ನ ಹೇಳ್ತೀರಾ?"

ಅಕ್ಕತಂಗಿಯರು ತಿನ್ನುವುದನ್ನು ನಿಲ್ಲಿಸಿದರು. ಕ್ರೇನಕ್ಕ ಡಬ್ಬಿಯ ಮುಚ್ಚಳ ಮುಚ್ಚಿದಳು. ಅದು ಸರಿಯಾಗಿ ಕೂರದೆ ಮತ್ತೆ ಒತ್ತಿದಳು.

"ಅವನು ನನ್ನ ಮೈದುನ."

"ಗೊತ್ತಕ್ಕ. ಅದಕ್ಕೇ ಕೇಳಿದೆ. ಬಲವಂತ ಇಲ್ಲ."

"ಬಲವಂತದ ಮಾತೇನು ಬಂತು, ಹೇಳ್ತೀನಿ" ಅಂದಳು ಕ್ರೇನಕ್ಕ. "ಆದರೆ ಅವರು ನಂಬ್ತಾರೆ ಅಂತ ಮಾತ್ರ ಅಂದ್ಕೋಬೇಡ. ನಂಬೋಕೆ ಅವರಿಗೆ ಪುರುಸೊತ್ತಿಲ್ಲ."

ದೂರು ಹೋಯಿತು, ವಿಚಾರಣಾ ಸಮಿತಿ ಕೂತಿತು. ಸಮಿತಿಯಲ್ಲಿ ಮ್ಯಾನೇಜರು, ಯೂನಿಯನ್ ಕಾರ್ಯದರ್ಶಿ, ಮತ್ತು ಹೆಂಗಸೊಬ್ಬಳು ಇರಲೇಬೇಕೆಂಬ ನಿಯಮ ಇದ್ದದ್ದರಿಂದ ಮ್ಯಾನೇಜರನ ಟೈಪಿಸ್ಟ್. ಹೇಳಿದ್ದನ್ನು ಟೈಪು ಮಾಡುವುದಷ್ಟೇ ಅವಳ ಕೆಲಸ. ಮ್ಯಾನೇಜರು ಎಂಥವನೆಂದರೆ, ಮುಂದೆ ಎಂದಾದರೂ ತನ್ನ ಕುತ್ತಿಗೆಗೆ ಸುತ್ತಿಕೊಳ್ಳಬಹುದಾದ ಯಾವ ಕಾಗದಕ್ಕೂ ಹುಟ್ಟಿದಾಗಿನಿಂದ ಸಹಿ ಹಾಕಿದವನಲ್ಲ. ಕಾರ್ಯದರ್ಶಿ ಭಾಷಣ ಬಿಟ್ಟರೆ ಬೇರೆ ಮಾತು ಬಾರದವನು. ಕಿಡಿ ಕೂರುವ ಮೊದಲೇ ಶುರುಮಾಡಿದ: "ತಂಗೀ, ನಾವು ಯಾವಾಗಲೂ ಮಹಿಳೆಯರ ಪರ. ಆದರೆ ಕಾರ್ಮಿಕರ ಒಗ್ಗಟ್ಟು ಮುರೀಬಾರದು, ಅಲ್ವಾ?"

"ಒಗ್ಗಟ್ಟು ಮುರಿದಿದ್ದು ನಾನಾ?"

ಕಾರ್ಯದರ್ಶಿ ನೀರು ಕುಡಿದ.

ಮ್ಯಾನೇಜರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಹೇಳಲೂ ಹೇಸಿಗೆ. ಅಂಗೈ ತಾಗಿತೋ, ಹಿಂಗೈ ತಾಗಿತೋ? ತಾಗಿತೋ, ಒತ್ತಿತೋ? ದಪ್ಪ ಬಟ್ಟೆಯ ಮೇಲಂಗಿ ತೊಟ್ಟವರಿಗೆ ಅಷ್ಟೆಲ್ಲ ಗೊತ್ತಾಗುತ್ತದೆಯೇ? ಪ್ರತಿ ಪ್ರಶ್ನೆ ಕೇಳುವಾಗಲೂ ತಾನು ಬಹಳ ಸೂಕ್ಷ್ಮವಾಗಿ ವಿಚಾರಿಸುತ್ತಿದ್ದೇನೆ ಎಂಬ ಹೆಮ್ಮೆ ಅವನ ಮುಖದಲ್ಲಿತ್ತು. ಟೈಪಿಸ್ಟ್ ತಲೆಯೆತ್ತದೆ ಟೈಪು ಮಾಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಸಾಕ್ಷಿಗೆ ಫಿಟ್ಟರುಗಳನ್ನು ಕರೆದರು. ಮೀಸೆ ಬಂದು, ಆ ಹೊತ್ತಿನಲ್ಲಿ ತಾನು ಟೀ ಕುಡಿಯುತ್ತಿದ್ದೆ ಅಂದ. ಅವನ ಹಿಂದಿನವನೂ ಟೀ ಕುಡಿಯುತ್ತಿದ್ದ. ಅದರ ಹಿಂದಿನವನೂ ಅಷ್ಟೆ. ಆವತ್ತು ಇಡೀ ಶೆಡ್ಡೇ ಟೀ ಕುಡಿಯಲು ಹೋಗಿತ್ತು, ಯಂತ್ರಗಳು ತಮ್ಮಷ್ಟಕ್ಕೆ ತಾವೇ ಬೋಲ್ಟು ಬಿಗಿದುಕೊಂಡವು. ಮ್ಯಾನೇಜರು ಎಲ್ಲವನ್ನೂ ಗಂಭೀರವಾಗಿ ಬರೆಸಿಕೊಂಡ.

ಕ್ರೇನಕ್ಕ ಮಾತ್ರ ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು.

"ಅಷ್ಟು ಎತ್ತರದಿಂದ ಕಾಣುತ್ತಾ?" ಅಂದ ಮ್ಯಾನೇಜರು.

"ಅಷ್ಟೇ ಎತ್ತರದಿಂದ ದಿನಾ ನಿಮ್ಮ ಬಾಯ್ಲರ್ ಇಳಿಸ್ತೀನಲ್ಲ ಸಾರ್, ಆಗ ಯಾರೂ ಕೇಳಲ್ಲ."

"ಮನೇಲಿ ನಿಮಗೂ ಮೈದುನನಿಗೂ ಏನೋ ಆಸ್ತಿ ತಕರಾರು ಇದೆಯಂತೆ?"

"ಯಾವ ಆಸ್ತಿ ಸಾರ್? ಅವನಿಗಿರೋದು ಒಂದು ಸ್ಕೂಟರು. ನನಗೆ ಓಡಿಸೋಕೆ ಬರಲ್ಲ."

ಆದರೂ ಸಮಿತಿಯ ತೀರ್ಮಾನದಲ್ಲಿ ಅದು ಕೌಟುಂಬಿಕ ಕಲಹವೇ ಆಯಿತು. ಸಾಕ್ಷ್ಯ ಸಾಲದು, ಎರಡೂ ಕಡೆಯವರು ಸೌಹಾರ್ದದಿಂದ ಇರಬೇಕು ಎಂದು ಬರೆದು ಮುಗಿಸಿದರು. ದೊಡ್ಡಪ್ಪ ಆ ಸಂಜೆ ಇಡೀ ಶೆಡ್ಡಿಗೆ ಟೀ ಹಂಚಿದ. ಈ ಸಲ ಎಲ್ಲರೂ ನಿಜವಾಗಿ ಕುಡಿದರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದಳು. "ನಿನ್ನ ಗಂಡನ ಬೆನ್ನಿಗೆ ಬಿದ್ದ ತಮ್ಮ ಕಣೇ ಅವನು! ಯಾರೋ ಬೀದೀಲಿ ಹೋಗೋಳ ಮಾತು ಕೇಳ್ಕೊಂಡು..." ಓರಗಿತ್ತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು. ಮೈದುನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ, ನೊಂದವನ ಮುಖ ಮಾಡಿಕೊಂಡು ಕೇಳಿದ:

"ಅತ್ತಿಗೆ, ಇಷ್ಟು ವರ್ಷ ಒಂದೇ ಮನೇಲಿದ್ದೀವಿ. ನಿಮ್ಮನ್ನ ನಾನು ಯಾವತ್ತಾದ್ರೂ ಮುಟ್ಟಿದ್ದೀನಾ?"

"ಇಲ್ಲ. ನಿಮ್ಮಣ್ಣ ಇದ್ದಾಗ ನಿನಗೆ ಧೈರ್ಯ ಇರಲಿಲ್ಲ. ಅವರು ಹೋದ ಮೇಲೆ ನಾನು ಕೈಗೆಟುಕದಷ್ಟು ಮೇಲಿದ್ದೆ."

ಪಾತ್ರೆಗಳ ಸದ್ದು ನಿಂತಿತು. ಅವನು ಎದ್ದು ಅಂಗಿ ಕೊಡವಿಕೊಂಡು ಹೊರಗೆ ಹೋದ.

ಗೆದ್ದವನ ಕೈ ಎಷ್ಟು ದಿನ ಸುಮ್ಮನಿರುತ್ತದೆ? ವಾರ ಕಳೆಯುವುದರೊಳಗೆ ದೊಡ್ಡಪ್ಪ ಮತ್ತೆ ಕಿಡಿಯ ಬೆನ್ನ ಹಿಂದೆ ಹೆಜ್ಜೆ ಹಾಕಿದ. ಅವಳು ಬಗ್ಗಿದ್ದಳು, ಉರಿ ಹೊತ್ತಿತ್ತು. ಅವನು ಇನ್ನೂ ಒಂದು ಮಾರು ದೂರದಲ್ಲಿದ್ದಾಗ ಮೇಲಿನಿಂದ ಕ್ರೇನಿನ ಸೈರನ್ ಕಿರುಚಿತು.

ಸೈರನ್ ಕೂಗಿದರೆ ಕೈಲಿದ್ದುದನ್ನು ಬಿಟ್ಟು ಎಲ್ಲರೂ ಹಳದಿ ಗೆರೆಯಾಚೆ ಹೋಗಿ ನಿಲ್ಲಬೇಕು, ಕ್ರೇನಿನಿಂದ ಸನ್ನೆ ಬರುವವರೆಗೆ ಒಳಗೆ ಕಾಲಿಡಬಾರದು. ಶೆಡ್ಡಿನ ಪ್ರತಿ ಕಂಬದ ಮೇಲೂ ಹಾಗೆ ಬರೆದಿದೆ. ಯಂತ್ರಗಳು ನಿಂತವು. ಗಂಡಸರು ಗೆರೆಯಾಚೆ ಓಡಿದರು. ದೊಡ್ಡಪ್ಪನೂ ಓಡಿದ. ಎಲ್ಲರಿಗಿಂತ ಮುಂದೆ ಓಡಿದವನೂ ಅವನೇ. ನೆತ್ತಿಯ ಮೇಲೆ ಏನೋ ಬೀಳುತ್ತದೆ ಎಂದುಕೊಂಡ.

ಏನೂ ಬೀಳಲಿಲ್ಲ. ಕ್ರೇನಕ್ಕ ಗಾಜಿನಾಚೆಯಿಂದ ಅವನನ್ನೇ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಸನ್ನೆ ಕೊಟ್ಟಳು. ಕೆಲಸ ಶುರುವಾಯಿತು. ಅವನು ಅಕ್ಕತಂಗಿಯರ ಕಡೆ ತಿರುಗಿದ. ಮತ್ತೆ ಸೈರನ್.

ಮ್ಯಾನೇಜರು ಏದುಸಿರು ಬಿಡುತ್ತಾ ಬಂದ. "ಏನಮ್ಮ, ಏನಾಯ್ತು?"

"ಅಪಾಯ ಕಾಣಿಸ್ತು ಸಾರ್" ಅಂದಳು ಅವಳು ಏಣಿಯಿಂದಿಳಿದು.

"ಎಂಥ ಅಪಾಯ?"

"ಬೆಂಕಿ ಹಿಡಿದು ಕೆಲಸ ಮಾಡೋರ ಮೈ ಮೇಲೆ ಹಿಂದಿನಿಂದ ಕೈ ಹಾಕೋಕೆ ಒಬ್ಬರು ಹೊರಟಿದ್ರು."

"ಅದು ಇತ್ಯರ್ಥ ಆಗಿದೆಯಲ್ಲ! ಇನ್ನು ಮುಂದೆ ಅದಕ್ಕೆಲ್ಲ ಸೈರನ್ ಹಾಕಬೇಡಿ."

"ಹಾಗಂತ ಬರೆದು ಸಹಿ ಮಾಡಿಕೊಡಿ ಸಾರ್. ಅಪಾಯ ಕಂಡ್ರೂ ಸೈರನ್ ಹಾಕಬೇಡ ಅಂತ. ನಾನು ಹಾಕಲ್ಲ."

ಮ್ಯಾನೇಜರು ಬಂದ ದಾರಿಯಲ್ಲೇ ಹೋದ. ಸಹಿಯ ಮಾತೆತ್ತಿದರೆ ಅವನ ಹಟ ಅಲ್ಲಿಗೇ ಮುಗಿಯುತ್ತಿತ್ತು.

ಅಂದಿನಿಂದ ದೊಡ್ಡಪ್ಪ ಹೆಂಗಸರ ಕಡೆ ಹೆಜ್ಜೆ ಹಾಕಿದಾಗೆಲ್ಲ ಸೈರನ್ ಕೂಗಿತು. ಫೋರ್‌ಮನ್ ಎಂದ ಮೇಲೆ ಕೆಲಸ ನೋಡಲಾದರೂ ಹತ್ತಿರ ಹೋಗಬೇಕಲ್ಲ? ಹೋಗಲಿ, ಎದುರಿನಿಂದ, ಕೈಗಳು ಕಾಣುವ ಹಾಗೆ ಹೋಗಲಿ ಎಂದಳು ಕ್ರೇನಕ್ಕ. ಅದು ಅವನಿಗೆ ಅವಮಾನ. ಹಟಕ್ಕೆ ಬಿದ್ದು ಹಿಂದಿನಿಂದಲೇ ಹೋದ. ಸೈರನ್ ಕೂಗಿತು, ಶೆಡ್ಡು ನಿಂತಿತು. ಕಿಡಿಯೂ ಅಕ್ಕತಂಗಿಯರೂ ಗೆರೆಯಾಚೆ ಕೈಕಟ್ಟಿ ನಿಂತು, ಬೇರೇನೂ ಮಾಡದೆ, ಅವನ ಮುಖವನ್ನೇ ನೋಡುತ್ತಿದ್ದರು. ಬೇರೆ ಶೆಡ್ಡಿನವರು ಕಿಟಕಿಯಲ್ಲಿ ಇಣುಕಿ, "ಏನ್ರೀ, ನಿಮ್ಮ ದೊಡ್ಡಪ್ಪ ಮತ್ತೆ ನಡೆದ್ರಾ?" ಎಂದು ಕೇಳತೊಡಗಿದರು. ತಯಾರಾಗಬೇಕಿದ್ದ ಬಾಯ್ಲರ್‌ಗಳು ಅರೆಬರೆಯಾಗಿ ಸಾಲುಗಟ್ಟಿದವು. ಆ ತಿಂಗಳು ಶೆಡ್ಡಿನ ಯಾರಿಗೂ ಬೋನಸ್ ಇಲ್ಲ ಎಂಬ ಚೀಟಿ ಬಾಗಿಲಿಗೆ ಬಿತ್ತು.

ಆಗ ಮೀಸೆಯ ಅಂತಃಕರಣ ಎಚ್ಚರವಾಯಿತು. ಇಷ್ಟು ದಿನ ಅದು ಎಲ್ಲಿ ಮಲಗಿತ್ತೋ, ಬೋನಸ್ ಹೋದ ಸದ್ದಿಗೆ ದಡಕ್ಕನೆ ಎದ್ದು ಕೂತಿತು. ಅವನು ಫಿಟ್ಟರುಗಳನ್ನು ಕಟ್ಟಿಕೊಂಡು ಮ್ಯಾನೇಜರನ ಬಾಗಿಲಿಗೆ ಹೋದ. "ಹೆಣ್ಮಕ್ಕಳಿಗೆ ಅನ್ಯಾಯ ಆಗಿದೆ ಸಾರ್! ನಮ್ಮ ಮನೇಲೂ ಅಕ್ಕತಂಗೀರಿದ್ದಾರೆ!" ಕಾರ್ಯದರ್ಶಿ ಹಿಂದೆಯೇ ಓಡಿ ಬಂದು ಅದೇ ವಿಷಯದ ಮೇಲೆ ಭಾಷಣ ಮಾಡಿದ. ಸಮಿತಿ ಮತ್ತೆ ಕೂತಿತು.

ಈ ಸಲ ಟೀ ಕುಡಿದವನು ಒಬ್ಬನೂ ಇರಲಿಲ್ಲ. ಎಲ್ಲರೂ ಎಲ್ಲವನ್ನೂ ನೋಡಿದ್ದರು. ಆಗಿದ್ದನ್ನಷ್ಟೇ ಅಲ್ಲ, ಆಗದೇ ಇದ್ದುದನ್ನೂ ನೋಡಿದ್ದರು. ಒಬ್ಬ, ದೊಡ್ಡಪ್ಪ ಅವಳನ್ನು ತಬ್ಬಿಕೊಂಡ ಅಂದ. ಇನ್ನೊಬ್ಬ, ಗೋಡೌನಿಗೆ ಎಳೆದುಕೊಂಡು ಹೋದ ಅಂದ. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಹೊಳೆಯುತ್ತಿತ್ತು. ಮೀಸೆ ಎದೆಯುಬ್ಬಿಸಿ, "ನಾನು ಅಡ್ಡ ನಿಂತು, ಅವನ ಕೈ ಹಿಡಿದು ತಡೆದೆ ಸಾರ್. ಇಲ್ಲದಿದ್ರೆ ಏನಾಗ್ತಿತ್ತೋ!" ಎಂದ.

ಕಿಡಿ ಎದ್ದು ನಿಂತಳು.

"ಸಾರ್, ಇದ್ಯಾವುದೂ ಆಗಿಲ್ಲ."

ಕಾರ್ಯದರ್ಶಿ ಗಾಬರಿಯಾಗಿ, "ಏ ತಂಗೀ, ಅವರು ನಿನ್ನ ಪರ ಹೇಳ್ತಿದ್ದಾರೆ!" ಎಂದು ಪಿಸುಗುಟ್ಟಿದ.

"ಬೇಡ. ತಬ್ಬಿಕೊಳ್ಳಲಿಲ್ಲ, ಗೋಡೌನಿಗೂ ಎಳೀಲಿಲ್ಲ. ಆಗಿದ್ದನ್ನ ನಾನು ಮೊದಲೇ ಹೇಳಿದ್ದೀನಿ, ಅಕ್ಕನೂ ಹೇಳಿದ್ದಾರೆ, ಅಷ್ಟೇ ಬರೀರಿ. ಅಷ್ಟೇ ಸಾಕಾಗುತ್ತೆ, ಸಾಕಾಗಬೇಕು. ಸುಳ್ಳು ಸೇರಿಸಿದ್ರೆ ನಾಳೆ ಅವನ ವಕೀಲ ಒಂದೊಂದೇ ಸುಳ್ಳು ಕಿತ್ತು, ನಿಜಾನೂ ಜೊತೇಲೇ ಎಸೀತಾನೆ." ಆಮೇಲೆ ಮೀಸೆಯ ಕಡೆ ತಿರುಗಿದಳು. "ಇವರು ತಡೀಲಿಲ್ಲ ಸಾರ್. ಇವರು ನಕ್ಕರು."

 ಆಗ ಯಾರೂ ನಿರೀಕ್ಷಿಸದ ಕಡೆಯಿಂದ ಮಾತು ಬಂತು. ಟೈಪಿಸ್ಟ್ ತಲೆಯೆತ್ತಿ, ಕಿಡಿಯನ್ನೇ ನೋಡುತ್ತಾ ಕೇಳಿದಳು: "ಯಾರ್ಯಾರು ನಕ್ಕರು ಹೇಳಿ. ಅದನ್ನೂ ಹಾಕ್ತೀನಿ."

"ಅದೆಲ್ಲ ಯಾಕಮ್ಮ..." ಎಂದು ಮ್ಯಾನೇಜರು ಕೈಯೆತ್ತಿದ.

"ನಾನೂ ಸಮಿತಿಯಲ್ಲಿದ್ದೀನಿ ಅಲ್ವಾ ಸಾರ್? ನೀವೇ ಹಾಕಿದ್ದು."  ಅವಳ ಬೆರಳುಗಳು ಆಗಲೇ ಕೀಲಿಗಳ ಮೇಲಿದ್ದವು.

ಕೊನೆಗೆ ದೊಡ್ಡಪ್ಪನನ್ನು ಕರೆದರು. "ಇವರೆಲ್ಲ ನನ್ನ ಮಕ್ಕಳಿದ್ದ ಹಾಗೆ" ಎಂದು ಶುರುಮಾಡಿದ. ಕಣ್ಣು ಒರೆಸಿಕೊಂಡ. ಯಾರೂ ಕರಗಲಿಲ್ಲ. ನಿನ್ನೆಯವರೆಗೆ ಜೊತೆಗೆ ನಕ್ಕವರೆಲ್ಲ ಗೋಡೆ ನೋಡುತ್ತಿದ್ದರು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. "ಏನೋ ಸ್ವಲ್ಪ ಕೈ ತಾಗಿರುತ್ತಪ್ಪ! ಗಂಡಸರ ಶೆಡ್ಡಿಗೆ ಬಂದ ಮೇಲೆ ಅಷ್ಟೂ ತಡ್ಕೊಳ್ಳೋಕಾಗದಿದ್ರೆ ಮನೇಲಿರಬೇಕಿತ್ತು!" ಎಂದು ಕೂಗಿದ. ಟೈಪಿಸ್ಟ್ ಅದನ್ನೂ ಒಂದಕ್ಷರ ಬಿಡದೆ ಟೈಪು ಮಾಡಿದಳು. ಬುದ್ಧಿವಂತನೆಂದು ಇಡೀ ಶೆಡ್ಡು ನಂಬಿದ್ದ ಮನುಷ್ಯ, ತನ್ನ ಬಾಯಿಂದಲೇ ತನ್ನ ಕೆಲಸ ಕಳೆದುಕೊಂಡ.

ಅವನನ್ನು ಕೆಲಸದಿಂದ ತೆಗೆದರು. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮೀಸೆಗೂ ಅವನ ಜೊತೆಯವರಿಗೂ ಎಚ್ಚರಿಕೆ ಪತ್ರ ಬಂತು. ಮೀಸೆ ಕಿಡಿಯ ಮೇಜಿನ ಹತ್ತಿರ ಬಂದು, "ನಿನಗೋಸ್ಕರ ಸಾಕ್ಷಿ ಹೇಳಿದ್ದಕ್ಕೆ ಇದಾ ಬಹುಮಾನ?" ಎಂದು ಹಾರಾಡಿದ. "ನನಗೋಸ್ಕರ ನೀವು ಹೇಳಲಿಲ್ಲ" ಅಂದಳು ಅವಳು, ತಗಡು ಉಜ್ಜುತ್ತಾ. ಇನ್ನು ಮೇಲೆ ಅವಳ ಜೊತೆ ಮಾತಾಡುವುದಿಲ್ಲ ಎಂದು ಫಿಟ್ಟರುಗಳೆಲ್ಲ ಆಣೆ ಇಟ್ಟರು. ಇಷ್ಟು ವರ್ಷದಲ್ಲಿ ಅವರು ಹೆಂಗಸರಿಗೆ ಮಾಡಿದ ಉಪಕಾರ ಅದೊಂದೇ.

ಕ್ರೇನಕ್ಕ ಆ ಮನೆ ಬಿಟ್ಟಳು. ಬಿಡದಿದ್ದರೆ ಅತ್ತೆಯೇ ಬಿಡಿಸುತ್ತಿದ್ದಳು. ಸೈಕಲ್ ಅಂಗಡಿಯೊಂದರ ಮೇಲಿನ ಕೋಣೆ ಸಿಕ್ಕಿತು. ಕಿಡಿಯೂ ಅಕ್ಕತಂಗಿಯರೂ ಬಂದು ಮಂಚ, ಟ್ರಂಕು ಹೊತ್ತರು. ಹೊಸ ಕೋಣೆಯಲ್ಲಿ ಮೊದಮೊದಲು ಅವಳಿಗೆ ನಿದ್ದೆ ಬರಲಿಲ್ಲ. ಬೇರೆಯವರ ಉಸಿರಾಟದ ಸದ್ದಿಗೆ ಹೊಂದಿಕೊಂಡ ಕಿವಿ. ಅದಕ್ಕೆ ಅವಳು ಅಳಲೂ ಇಲ್ಲ, ಪಶ್ಚಾತ್ತಾಪವನ್ನೂ ಪಡಲಿಲ್ಲ. ಗಂಡನ ಫೋಟೋ ಗೋಡೆಗೆ ಹಾಕಲು ಮೊಳೆ ಹೊಡೆದಳು, ಗೋಡೆ ಉದುರಿತು. ಫೋಟೋವನ್ನು ಕಿಟಕಿಯಲ್ಲೇ ಇಟ್ಟಳು.

ಒಂದು ರಜೆಯ ದಿನ ಬೆಳಗ್ಗೆ ಓರಗಿತ್ತಿ ಬಂದು ಬಾಗಿಲಲ್ಲಿ ನಿಂತಳು.

"ನಮ್ಮ ಮಾನ ಹರಾಜು ಹಾಕಿದ್ರಲ್ಲ ಅಕ್ಕಾ" ಅಂದಳು.

"ಒಳಗೆ ಬಾ, ಕೂತ್ಕೊಂಡು ಬೈಯಿ."

ಅವಳು ಬಂದು ಮಂಚದ ತುದಿಯಲ್ಲಿ ಕೂತಳು. ಬೈಯಲಿಲ್ಲ. ಚೀಲದ ಹಿಡಿಯನ್ನು ತಿರುವುತ್ತಾ ಹೇಳಿದಳು: "ಅವರು ಇಡೀ ದಿನ ಮನೇಲೇ ಇರ್ತಾರೆ ಈಗ. ಎಲ್ಲರೂ ಸೇರಿ ಮೋಸ ಮಾಡಿದ್ರು, ಎಲ್ಲರೂ ಸೇರಿ ಮೋಸ ಮಾಡಿದ್ರು ಅಂತ ಅದೇ ಪಾಠ. ಅತ್ತೆ ಹೂಂ ಹೂಂ ಅಂತಾರೆ. ಮಗಳು ಅಪ್ಪ ಬಂದು ಕೂತ್ರೆ ಎದ್ದು ಹೋಗ್ತಾಳೆ. ನಾನು ಎಲ್ಲಿಗೆ ಎದ್ದು ಹೋಗ್ಲಿ?"

ಕ್ರೇನಕ್ಕ ಅವಳ ಮುಂದೆ ನೀರಿನ ಲೋಟ ಇಟ್ಟಳು.

"ನಿಮ್ಮ ಕಾರ್ಖಾನೇಲಿ ಹೆಂಗಸರಿಗೆ ಕೆಲಸ ಇದೆಯಾ?"

"ಪೇಂಟಿಂಗ್‌ನಲ್ಲಿ ಒಬ್ಬರು ಬೇಕಂತೆ. ಹೊಸ ಫೋರ್‌ಮನ್ ಕೇಳ್ತಿದ್ರು. ಆದರೆ ಅಲ್ಲಿರೋರು ನಿನ್ನ ಗಂಡ ಯಾರು ಅಂತ ಕೇಳ್ತಾರೆ."

"ಹೇಳ್ತೀನಿ."

"ಹೇಳಿದ ಮೇಲೆ ಅವರು ಒಳ್ಳೇ ಮಾತಾಡಲ್ಲ."

"ಕೇಳಿಸ್ಕೋತೀನಿ. ಮನೇಲಿ ಕೂತು ಅವರ ಗೋಳು ಕೇಳೋದಕ್ಕಿಂತ ವಾಸಿ."

 ಕ್ರೇನಕ್ಕ ಮಂಚದ ಕೆಳಗೆ ಕೈ ಹಾಕಿ, ಕಾರ್ಖಾನೆಗೆ ಹಾಕುತ್ತಿದ್ದ ತನ್ನ ಹಳೆಯ ಬೂಟುಗಳನ್ನು ಎಳೆದು ಮುಂದಿಟ್ಟಳು. ಓರಗಿತ್ತಿ ಚಪ್ಪಲಿ ಬಿಟ್ಟು ಒಂದು ಕಾಲು ತೂರಿಸಿ, ಎದ್ದು ನಿಂತು, ನೆಲಕ್ಕೆ ಎರಡು ಸಲ ಕುಟ್ಟಿ ನೋಡಿದಳು.

"ದೊಡ್ಡದಾಯ್ತು" ಅಂದಳು. "ಮುಂದೆ ಬಟ್ಟೆ ತುರುಕಿದ್ರೆ ಸರಿಹೋಗುತ್ತೆ."